ಸೇದಿದಷ್ಟೂ ಊರುವ ಹಾಲು

(ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆ ಒಂದು ಮಾತು. ಕೂಸನ್ನು ಎತ್ತಿಕೊಂಡು ಬಂದವರು ಇಲ್ಲಿ ಹತ್ತು ಹನ್ನೆರಡು ಜನ ಇದ್ದೀರಿ. ಮಗು ಕೇಳಿದರೆ ಕೂತಲ್ಲೇ ಕುಡಿಸಿ. ಎದ್ದು ಹೊರಗೆ ಹೋಗಬೇಡಿ. ನಾನು ಮಾತಾಡಲು ಬಂದಿರುವುದೇ ಅದರ ಬಗ್ಗೆ.

ನಾನು ವೈದ್ಯೆಯಲ್ಲ. ಇಬ್ಬರು ಮಕ್ಕಳ ತಾಯಿ. ಇಬ್ಬರಿಗೂ ಸೇರಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಎದೆಹಾಲು ಕುಡಿಸಿದ್ದೇನೆ. ಆಮೇಲೆ ತರಬೇತಿ ಪಡೆದು, ಹೊಸದಾಗಿ ಹೆತ್ತವರ ಪಕ್ಕ ಕೂತು ಹಾಲು ಹಿಡಿಸುವುದಕ್ಕೆ ನೆರವಾಗುತ್ತಾ ಬಂದಿದ್ದೇನೆ. ಈ ಕೆಲಸದ ಮೇಲೆ ನನಗಿರುವ ಪ್ರೀತಿಯನ್ನು ಮುಚ್ಚಿಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರಾದರೂ ಫೋನ್ ಮಾಡಿ 'ಅಕ್ಕಾ, ಹಾಲೇ ಬರ್ತಿಲ್ಲ' ಅಂತ ಅತ್ತರೆ ನನಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹಾಗೆ ಅತ್ತವರಲ್ಲಿ ಬಹಳಷ್ಟು ಜನರ ಎದೆಯಲ್ಲಿ ಹಾಲಿತ್ತು. ಪಕ್ಕದಲ್ಲಿ ಕೂತು ತೋರಿಸಿಕೊಡುವವರು ಇರಲಿಲ್ಲ. ನಾನೂ ಹಾಗೆ ಅತ್ತವಳೇ.

ಮೊದಲ ಮಗಳು ಹುಟ್ಟಿದ ಮೂರನೇ ರಾತ್ರಿ. ಆಸ್ಪತ್ರೆಯ ಹಾಸಿಗೆಯಲ್ಲಿ ಎದ್ದು ಕೂತಿದ್ದೆ. ಮಗು ಅರ್ಧ ಗಂಟೆಗೊಮ್ಮೆ ಎದ್ದು ಅಳುತ್ತಿತ್ತು, ಎದೆಗೆ ಹಾಕಿಕೊಂಡರೆ ಐದು ನಿಮಿಷ ಚೀಪಿ ಮತ್ತೆ ಬಿಡುತ್ತಿತ್ತು. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕುವ ಮುಂಚೆಯೇ ನನ್ನ ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಅಷ್ಟು ಭಯ. ಅಮ್ಮನಿಗೆ ಸಂಕಟ, ಅತ್ತೆಗೆ ಗಾಬರಿ. 'ಹಾಲು ಸಾಲ್ತಿಲ್ಲ ಅನ್ಸುತ್ತೆ' ಎಂದು ಒಬ್ಬರು ಅಂದರು. ಅಷ್ಟೇ ಸಾಕಾಯಿತು. ಆ ಪಾಳಿಯಲ್ಲಿ ಇದ್ದವರು ಏನೂ ಕೇಳದೆ ಒಂದು ಬಾಟಲಿಯಲ್ಲಿ ಡಬ್ಬಿ ಹಾಲು ಕಲಸಿ ತಂದು ಕೊಟ್ಟರು. ಮಗು ಗಟಗಟ ಕುಡಿದು ಮೂರು ಗಂಟೆ ಮಲಗಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಗೋಡೆ ಕಡೆ ತಿರುಗಿ ಅತ್ತೆ. ಮಗಳು ನೆಮ್ಮದಿಯಾಗಿ ಮಲಗಿದ್ದೇ ನನ್ನಲ್ಲಿ ಹಾಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದುಕೊಂಡೆ.

ಬೆಳಗಿನ ಜಾವಕ್ಕೆ ಎರಡೂ ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿದ್ದವು. ಹಾಲು ಬರುತ್ತಿದ್ದದ್ದೇ ಆಗ. ಅದು ಬಂದ ಹೊತ್ತಿಗೆ ಕುಡಿಯಬೇಕಾದ ಮಗು ಬೇರೆ ಹಾಲು ಕುಡಿದು ಮಲಗಿತ್ತು.

ಪಾಳಿ ಬದಲಾಗಿ ವಯಸ್ಸಾದ ಒಬ್ಬ ನರ್ಸ್ ಬಂದರು. ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡು ಕೂತರು. 'ನೋಡಮ್ಮಾ, ಹಾಲು ಬೇಕಾದಷ್ಟಿದೆ. ಮಗು ಬಾಯಿ ಸರಿಯಾಗಿ ಕೂತಿಲ್ಲ, ಅಷ್ಟೇ' ಅಂದರು. ಮೊದಲು ಎದೆಯನ್ನು ಬೆರಳಿನಿಂದ ಒತ್ತಿ ಸ್ವಲ್ಪ ಹಾಲು ಹಿಂಡಿ, ತೊಟ್ಟಿನ ಸುತ್ತ ಮೆತ್ತಗೆ ಮಾಡಿದರು. ಆಮೇಲೆ ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ಪೂರ್ತಿ ನನ್ನ ಕಡೆಗೆ ತಿರುಗಿಸಿದರು. ಅಲ್ಲಿಯವರೆಗೆ ನಾನು ಮಗುವನ್ನು ಅಂಗಾತ ಮಲಗಿಸಿಕೊಂಡು ಕತ್ತು ಮಾತ್ರ ತಿರುಗಿಸುತ್ತಿದ್ದೆ. ನೀವೇ ಕತ್ತು ಪಕ್ಕಕ್ಕೆ ತಿರುಗಿಸಿ ಒಂದು ಗುಟುಕು ನೀರು ನುಂಗಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರುವಂತೆ ಹಿಡಿದು, ತೊಟ್ಟಿನಿಂದ ಮೇಲ್ದುಟಿಯನ್ನು ಸವರಿದರು. 'ಕಾಯಿ' ಅಂದರು. ಮಗು ಅರ್ಧ ಬಾಯಿ ತೆರೆಯಿತು. 'ಇನ್ನೂ ಕಾಯಿ.' ಆಕಳಿಸುವ ಹಾಗೆ ಬಾಯಿ ಅಗಲವಾಗಿ ತೆರೆದ ಕ್ಷಣ ಮಗುವಿನ ಬೆನ್ನಿಗೆ ಕೈಕೊಟ್ಟು ನನ್ನೆಡೆಗೆ ತಂದರು. ಮೊದಲು ಗಲ್ಲ ತಾಗಿತು, ಆಮೇಲೆ ಕೆಳದುಟಿ, ಕೊನೆಗೆ ಮೇಲ್ದುಟಿ. ತೊಟ್ಟೊಂದೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಿತ್ತು. ಕೆಳದುಟಿ ಹೊರಕ್ಕೆ ಮಡಚಿಕೊಂಡಿತ್ತು.

ನೋವು ನಿಂತಿತು. ಪೂರ್ತಿ ನಿಂತಿತು. ಮೂರು ದಿನದಿಂದ ಹಲ್ಲು ಕಚ್ಚಿಕೊಂಡು ಕೂತಿದ್ದವಳಿಗೆ ಅದು ನಂಬಲಾಗಲಿಲ್ಲ. ಮಗು ಮೊದಲು ಪಟಪಟ ಚೀಪಿತು. ಅರ್ಧ ನಿಮಿಷ ಕಳೆದ ಮೇಲೆ ಚೀಪುವ ಲಯವೇ ಬದಲಾಯಿತು. ನಿಧಾನ, ಆಳ. ದವಡೆ ಕೆಳಗೆ ಇಳಿದು ಒಂದು ಕ್ಷಣ ನಿಂತು ಮೇಲೆ ಬರುತ್ತಿತ್ತು, ಗಂಟಲಲ್ಲಿ 'ಕ್ಹ' ಎಂಬ ಸಣ್ಣ ಸದ್ದು. 'ಕೇಳಿಸ್ತಾ? ನುಂಗ್ತಿದ್ದಾಳೆ' ಅಂದರು ಆಕೆ. ನನ್ನ ಮಗಳು ನನ್ನ ಹಾಲು ನುಂಗುವ ಸದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಅವತ್ತು. ಅವರು ನನ್ನ ಪಕ್ಕ ಕೂತಿದ್ದು ಇಪ್ಪತ್ತು ನಿಮಿಷ ಇರಬಹುದು. ಆ ಇಪ್ಪತ್ತು ನಿಮಿಷ ಸಿಗದೆ ಹೋಗಿದ್ದರೆ ನಾನು ಜೀವನಪೂರ್ತಿ 'ನನಗೆ ಹಾಲೇ ಬರಲಿಲ್ಲ' ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಹಾಲು ಹೇಗೆ ಬರುತ್ತದೆ ಎಂದು ತಿಳಿದರೆ ಆ ಮೂರನೇ ರಾತ್ರಿಯ ಭಯ ಅರ್ಧ ಕಡಿಮೆಯಾಗುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಸಿರಿನ ನಡುಗಾಲದಿಂದಲೇ ಎದೆ ಹಾಲು ಮಾಡಲು ತಯಾರಾಗುತ್ತಿರುತ್ತದೆ. ಮಾಸು ಹೊರಗೆ ಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಥಟ್ಟನೆ ಇಳಿಯುತ್ತದೆ, ಅದೇ ಹಾಲಿಗೆ ಬಾಗಿಲು ತೆರೆಯುವ ಸೂಚನೆ. ಆದರೂ ಎದೆ ತುಂಬಿ ಬರುವುದಕ್ಕೆ ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಬರುವುದು ಗಿಣ್ಣುಹಾಲು. ಹಳದಿ, ಮಂದ, ತೀರಾ ಸ್ವಲ್ಪ. ಒಂದು ಸಲಕ್ಕೆ ಒಂದು ಚಮಚದಷ್ಟು. ಹುಟ್ಟಿದ ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಅದರಲ್ಲಿ ರೋಗ ತಡೆಯುವ ಪ್ರತಿಕಾಯಗಳು, ಬಿಳಿ ರಕ್ತಕಣಗಳು, ಎ ವಿಟಮಿನ್ ದಟ್ಟವಾಗಿ ಇರುತ್ತವೆ. ಮಗುವಿನ ಮೊದಲ ಕಪ್ಪು ಮಲ ಹೊರಹೋಗಲೂ ಅದು ನೆರವಾಗುತ್ತದೆ. ಬಣ್ಣ ನೋಡಿ ಅದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಒಂದು ಹನಿಯನ್ನೂ ಚೆಲ್ಲಬೇಡಿ.

ಮಗು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಹೋಗುತ್ತದೆ, ಅಲ್ಲಿಂದ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಮಾಡಿಸುತ್ತದೆ. ಆಕ್ಸಿಟೋಸಿನ್ ಹಾಲಿನ ಗ್ರಂಥಿಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಹಿಂಡಿ, ಮಾಡಿಟ್ಟ ಹಾಲನ್ನು ತೊಟ್ಟಿನ ಕಡೆಗೆ ಇಳಿಸುತ್ತದೆ. ಮಗಳ ಚೀಪುವ ಲಯ ಬದಲಾಯಿತು ಎಂದೆನಲ್ಲ, ಹಾಲು ಇಳಿದದ್ದು ಆಗಲೇ. ಮುಂದೆ ಮಗುವಿನ ಅಳು ಕೇಳಿದರೆ ಸಾಕು, ಮಗುವನ್ನು ನೆನೆದರೂ ಸಾಕು, ರವಿಕೆ ಒದ್ದೆಯಾಗುತ್ತದೆ. ಭಯ, ನೋವು, ಅವಮಾನ ಇದ್ದಾಗ ಈ ಇಳಿಯುವಿಕೆ ತಡವಾಗುತ್ತದೆ. ಎದೆಯಲ್ಲಿ ಹಾಲಿದ್ದೂ ಹೊರಗೆ ಬರಲು ಹಿಂಜರಿಯುತ್ತದೆ. ಹಾಗಾಗಿ ಬಾಣಂತಿಯ ಮುಂದೆ ನಿಂತು 'ಹಾಲಿಲ್ಲ ಹಾಲಿಲ್ಲ' ಎಂದು ಹೇಳುವ ಮಾತು ಬರಿಯ ಮಾತಾಗಿ ಉಳಿಯುವುದಿಲ್ಲ, ಅದು ಅವಳ ಮೈಗೆ ಹೋಗಿ ತಟ್ಟುತ್ತದೆ.

ಇದೇ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡುತ್ತದೆ. ಹಾಲು ಕುಡಿಸುವಾಗ ಮೊದಲ ದಿನಗಳಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡ ಹಾಗಾಗುವುದು ಅದಕ್ಕೇ. ಹೆರಿಗೆಯ ನಂತರದ ರಕ್ತಸ್ರಾವ ಕಡಿಮೆಯಾಗಲು ಅದು ಸಹಾಯ ಮಾಡುತ್ತದೆ.

ಇನ್ನೊಂದು ಸಂಗತಿ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಎದೆ ತುಂಬಿಕೊಂಡೇ ಇದ್ದರೆ ಹಾಲು ಆಗುವ ವೇಗ ತಗ್ಗುತ್ತದೆ, ಖಾಲಿಯಾಗುತ್ತಿದ್ದರೆ ವೇಗ ಏರುತ್ತದೆ. ಸೇದುವ ಬಾವಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇದುತ್ತಿದ್ದರೆ ಊಟೆ ತೆರೆದಿರುತ್ತದೆ, ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಮಗು ಮೇಲಿಂದ ಮೇಲೆ ಕೇಳುವುದು ಹಾಲು ಇಲ್ಲ ಎಂಬುದರ ಗುರುತಲ್ಲ, ನಾಳೆಗೆ ಬೇಕಾದ ಹಾಲನ್ನು ಅದು ಇವತ್ತೇ ಕೇಳಿ ಇಡುತ್ತಿರುತ್ತದೆ. ಹೀಗೆ ಕೇಳುವ ಹೊತ್ತಿಗೆ ನಾವು ಬಾಟಲಿ ಕೊಟ್ಟರೆ ಒಂದು ಸಲದ ಕೇಳಿಕೆ ತಪ್ಪಿತು. ನಾಲ್ಕು ಸಲ ಕೊಟ್ಟರೆ ನಾಲ್ಕು ತಪ್ಪಿತು. ವಾರ ಕಳೆಯುವಷ್ಟರಲ್ಲಿ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ, ಆಗ 'ನಾನು ಮೊದಲೇ ಹೇಳಿದ್ದೆನಲ್ಲ' ಎನ್ನುವವರು ಸಿಗುತ್ತಾರೆ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಿರುತ್ತದೆ. ಹಾಗಾಗಿ ರಾತ್ರಿ ಕುಡಿಸುವುದನ್ನು ಮೊದಲ ತಿಂಗಳುಗಳಲ್ಲಿ ತಪ್ಪಿಸಬೇಡಿ.

ಹಾಗಾದರೆ ಮಗುವಿಗೆ ಸಾಲುತ್ತಿದೆ ಎಂದು ತಿಳಿಯುವುದು ಹೇಗೆ? ಎದೆಹಾಲಿಗೆ ಅಳತೆ ಗೆರೆ ಇಲ್ಲ, ಅದೇ ತಾಯಂದಿರ ಕಷ್ಟ. ಒಳಗೆ ಹೋದದ್ದು ಕಾಣದಿದ್ದರೆ ಹೊರಗೆ ಬಂದದ್ದನ್ನು ನೋಡಿ. ಐದನೇ ದಿನದಿಂದ ಮುಂದೆ 24 ಗಂಟೆಯಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು, ಉಚ್ಚೆ ತಿಳಿಯಾಗಿರಬೇಕು. ಕಪ್ಪು ಮಲ ಹೋಗಿ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದ ಒಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಸಹಜ. ಸಂಜೆ ಹೊತ್ತು ಬಿಟ್ಟೂ ಬಿಡದೆ ಕುಡಿಯುವುದೂ ಸಹಜ. ಕೆಲವು ವಾರ ಕಳೆದ ಮೇಲೆ ಎದೆ ಮೆತ್ತಗಾಗುತ್ತದೆ, ಮೊದಲಿನ ಹಾಗೆ ಸೋರುವುದಿಲ್ಲ. ಹಾಲು ಬತ್ತಿತು ಎಂದು ಎಷ್ಟೋ ಜನ ನಿಲ್ಲಿಸುವುದು ಇದೇ ಹಂತದಲ್ಲಿ. ಮಗುವಿಗೆ ಎಷ್ಟು ಬೇಕು ಎಂದು ಎದೆ ಕಲಿತುಕೊಂಡಿದೆ, ಅಷ್ಟೇ.

ನಿಜವಾಗಿ ಹಾಲು ಕಡಿಮೆ ಇರುವ ತಾಯಂದಿರೂ ಇದ್ದಾರೆ. ಇದನ್ನು ನಾನು ಹೇಳಲೇಬೇಕು, ಏಕೆಂದರೆ ಹಾಲೂಡಿಸುವುದನ್ನು ಹೊಗಳುವ ಭರದಲ್ಲಿ ಅವರನ್ನು ನೋಯಿಸಿದ್ದೇವೆ. ಥೈರಾಯ್ಡ್ ತೊಂದರೆ, ಮಾಸಿನ ಚೂರು ಒಳಗೆ ಉಳಿದಿರುವುದು, ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿರುವುದು, ಎದೆಗೆ ಹಿಂದೆ ಆಪರೇಷನ್ ಆಗಿರುವುದು, ಹಾಲಿನ ಗ್ರಂಥಿಗಳೇ ಸರಿಯಾಗಿ ಬೆಳೆಯದಿರುವುದು, ಹೀಗೆ ಕಾರಣಗಳಿವೆ. ಕೆಲವನ್ನು ಸರಿಪಡಿಸಬಹುದು, ಕೆಲವನ್ನು ಆಗುವುದಿಲ್ಲ. ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಕುಡಿಯದೆ ಮಲಗುತ್ತಿದ್ದರೆ, ಬಟ್ಟೆ ಒದ್ದೆಯಾಗದಿದ್ದರೆ, ತೂಕ ಏರದಿದ್ದರೆ ಕಾಯಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಮಗುವಿನ ಹೊಟ್ಟೆ ತುಂಬಬೇಕು, ಉಳಿದದ್ದೆಲ್ಲ ಆಮೇಲೆ. ಬೇರೆ ತಾಯಂದಿರು ದಾನ ಕೊಟ್ಟ ಹಾಲಿನ ಬ್ಯಾಂಕಿನ ಹಾಲೋ ಡಬ್ಬಿ ಹಾಲೋ ಬೇಕಾದಾಗ ಕೊಡಬೇಕು, ಜೊತೆಗೆ ಎದೆಯಲ್ಲಿ ಎಷ್ಟಿದೆಯೋ ಅಷ್ಟನ್ನೂ ಕೊಡುತ್ತಿರಬಹುದು. ಅರ್ಧ ಹಾಲು ಕೊಟ್ಟ ತಾಯಿ ಅರ್ಧ ತಾಯಿಯಲ್ಲ. ಒಂದು ಹನಿಯೂ ಕೊಡಲಾಗದವಳೂ ಪೂರ್ತಿ ತಾಯಿಯೇ.

ಈಗ ಹಾಲಿನ ಒಳಗೆ ಏನಿದೆ ಎಂಬ ವಿಷಯ. ನೂರು ಪಾಲಿನಲ್ಲಿ 87ರಷ್ಟು ನೀರು. ಆದ್ದರಿಂದಲೇ ಆರು ತಿಂಗಳವರೆಗೆ ಮಗುವಿಗೆ ಬೇರೆ ನೀರು ಬೇಡ, ಎಷ್ಟೇ ಸೆಕೆಯಿದ್ದರೂ ಬೇಡ. ಉಳಿದಂತೆ ಹಾಲಿನ ಸಕ್ಕರೆ, ಕೊಬ್ಬು, ಪ್ರೋಟೀನು. ಇಷ್ಟನ್ನು ಡಬ್ಬಿಯಲ್ಲೂ ಹೊಂದಿಸಬಹುದು. ನನ್ನನ್ನು ಬೆರಗಾಗಿಸುವುದು ಬೇರೆ ಎರಡು ಸಂಗತಿ.

ಒಂದು, ಒಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳು. ತಾಯಿಯ ಹಾಲಿನಲ್ಲಿ ಇವು ನೂರಕ್ಕೂ ಹೆಚ್ಚು ಬಗೆಯಲ್ಲಿ, ಲೀಟರಿಗೆ 5ರಿಂದ 15 ಗ್ರಾಮಿನಷ್ಟು ಇರುತ್ತವೆ. ಹಾಲಿನ ಸಕ್ಕರೆ ಮತ್ತು ಕೊಬ್ಬು ಬಿಟ್ಟರೆ ಹೆಚ್ಚಿರುವ ಘನ ಅಂಶ ಇದೇ. ವಿಚಿತ್ರ ಏನೆಂದರೆ ಮಗುವಿಗೆ ಇವು ಜೀರ್ಣವೇ ಆಗುವುದಿಲ್ಲ. ಹಾಗಾದರೆ ಮೈ ಇಷ್ಟು ಕಷ್ಟಪಟ್ಟು ಇವನ್ನು ಯಾಕೆ ಮಾಡುತ್ತದೆ? ಇವು ಮಗುವಿನ ಕರುಳಿನಲ್ಲಿರುವ ಬಿಫಿಡೊಬ್ಯಾಕ್ಟೀರಿಯಂ ಎಂಬ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ. ಅವು ತಿಂದು ಬೆಳೆದು ಜಾಗ ಹಿಡಿದರೆ ಕೆಟ್ಟವಕ್ಕೆ ಕೂರಲು ಜಾಗ ಇರುವುದಿಲ್ಲ. ಕೆಲವು ಸಕ್ಕರೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಾಣುಗಳು ಕರುಳಿನ ಗೋಡೆಗೆ ಅಂಟುವ ಬದಲು ತಮಗೇ ಅಂಟುವಂತೆ ಮಾಡಿ ಹೊರಗೆ ಸಾಗಿಸುತ್ತವೆ. ತಾಯಿ ಮಗುವಿಗೆ ಉಣಿಸುತ್ತಾ ಮಗುವಿನ ಕಾವಲುಗಾರರಿಗೂ ಉಣಿಸುತ್ತಾಳೆ ಎಂದು ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಎರಡನೆಯದು ಪ್ರತಿಕಾಯಗಳು. ತಾಯಿ ಉಸಿರಾಡುವ ಗಾಳಿಯಲ್ಲಿ, ತಿನ್ನುವ ಅನ್ನದಲ್ಲಿ ಏನೇ ರೋಗಾಣು ಬಂದರೂ ಅವಳ ಕರುಳು ಮತ್ತು ಶ್ವಾಸಕೋಶದ ರಕ್ಷಣಾ ಕಣಗಳು ಅದನ್ನು ಗುರುತಿಸುತ್ತವೆ. ಆ ಕಣಗಳಲ್ಲಿ ಕೆಲವು ಎದೆಗೆ ಬಂದು ಸೇರಿ ಅದೇ ರೋಗಾಣುವಿಗೆ ತಕ್ಕ ಪ್ರತಿಕಾಯಗಳನ್ನು ಹಾಲಿಗೆ ಬಿಡುತ್ತವೆ. ತಾಯಿಗೆ ನೆಗಡಿ ಜ್ವರ ಬಂದಾಗ 'ಮಗುವಿಗೆ ಹಾಲು ಕೊಡಬೇಡ' ಎನ್ನುವವರಿಗೆ ಇದನ್ನು ಹೇಳಿ. ಮಗು ಅದಾಗಲೇ ಅವಳ ಮಡಿಲಲ್ಲೇ ಇರುತ್ತದೆ, ರೋಗಾಣು ಅದನ್ನೂ ತಲುಪಿರುತ್ತದೆ. ಔಷಧ ತಲುಪುವುದನ್ನು ಯಾಕೆ ತಡೆಯಬೇಕು?

ಎದೆಹಾಲಿನಲ್ಲಿ ಡಿ ವಿಟಮಿನ್ ಮಾತ್ರ ಕಡಿಮೆ. ಅದನ್ನು ಹನಿಯ ರೂಪದಲ್ಲಿ ಕೊಡಲು ವೈದ್ಯರು ಹೇಳುತ್ತಾರೆ, ಕೊಡಿ. ಆರು ತಿಂಗಳ ಹೊತ್ತಿಗೆ ಮಗು ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನೂ ಇಳಿದಿರುತ್ತದೆ, ಆಗ ಬೇರೆ ಊಟ ಶುರುವಾಗಲೇಬೇಕು.

ಹುಟ್ಟಿದ ಒಂದು ಗಂಟೆಯ ಒಳಗೆ ಮೊದಲ ಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಬೇರೆ ಊಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು. ಹೇಳುವುದು ಸುಲಭ. ಅದು ನಡೆಯಬೇಕಾದರೆ ಏನು ಬೇಕು ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಅಧ್ಯಯನ ಇದೆ. ಬೆಲಾರೂಸ್ ದೇಶದಲ್ಲಿ 1996-97ರಲ್ಲಿ ನಡೆದದ್ದು. ಮೈಕೆಲ್ ಕ್ರೇಮರ್ ಎಂಬ ವೈದ್ಯರ ನೇತೃತ್ವದಲ್ಲಿ 17 ಸಾವಿರಕ್ಕೂ ಹೆಚ್ಚು ತಾಯಿ ಮಕ್ಕಳನ್ನು ಗಮನಿಸಿದರು. ಒಬ್ಬ ತಾಯಿಗೆ ಕುಡಿಸು, ಇನ್ನೊಬ್ಬಳಿಗೆ ಕುಡಿಸಬೇಡ ಎಂದು ಹೇಳುವುದು ನ್ಯಾಯವಲ್ಲ. ಆದ್ದರಿಂದ ಅವರು ಹಂಚಿದ್ದು ನೆರವನ್ನು. ಚೀಟಿ ಎತ್ತಿದ ಹಾಗೆ ಕೆಲವು ಆಸ್ಪತ್ರೆಗಳನ್ನು ಆರಿಸಿ, ಅಲ್ಲಿನ ಸಿಬ್ಬಂದಿಗೆ ಹಾಲೂಡಿಸುವ ತಾಯಿಗೆ ಹೇಗೆ ಸಹಾಯ ಮಾಡಬೇಕು ಎಂದು ಕಲಿಸಿದರು. ಉಳಿದ ಆಸ್ಪತ್ರೆಗಳು ಮೊದಲಿನಂತೆಯೇ ನಡೆದವು. ಈ ಅಧ್ಯಯನಕ್ಕೆ ಸೇರಿದವರೆಲ್ಲ ಹಾಲು ಕುಡಿಸಲು ಶುರು ಮಾಡಿದ್ದ ತಾಯಂದಿರೇ. ಮೂರು ತಿಂಗಳು ಕಳೆಯುವ ಹೊತ್ತಿಗೆ ಎದೆಹಾಲು ಮಾತ್ರ ಕೊಡುತ್ತಿದ್ದವರು ನೆರವಿಲ್ಲದ ಕಡೆ ನೂರಕ್ಕೆ 6.4, ನೆರವಿದ್ದ ಕಡೆ ನೂರಕ್ಕೆ 43.3.

ಆ ಎರಡು ಅಂಕಿಗಳನ್ನು ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಒಂದೇ ದೇಶ, ಒಂದೇ ಕಾಲ. ಎದೆಗಳಲ್ಲಿ ಏನು ವ್ಯತ್ಯಾಸ ಇತ್ತು? ಏನೂ ಇಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುವವರು ಒಂದು ಕಡೆ ಇದ್ದರು, ಇನ್ನೊಂದು ಕಡೆ ಇರಲಿಲ್ಲ. ಮೊದಲ ವರ್ಷದಲ್ಲಿ ಹೊಟ್ಟೆ ಕೆಟ್ಟು ಬಳಲಿದ ಮಕ್ಕಳು ನೆರವಿಲ್ಲದ ಕಡೆ ನೂರಕ್ಕೆ 13.2 ಇದ್ದರೆ ನೆರವಿದ್ದ ಕಡೆ 9.1. ಚರ್ಮದ ಎಕ್ಸಿಮಾ ಕೂಡ ಸುಮಾರು ಅರ್ಧಕ್ಕೆ ಇಳಿದಿತ್ತು.

ಭೇದಿ, ನ್ಯುಮೋನಿಯಾ, ಕಿವಿ ಸೋರುವುದು, ನಿದ್ದೆಯಲ್ಲೇ ಕೂಸು ಹಠಾತ್ತನೆ ತೀರಿಕೊಳ್ಳುವುದು, ಇವೆಲ್ಲ ಎದೆಹಾಲು ಕುಡಿಯುವ ಮಕ್ಕಳಲ್ಲಿ ಕಡಿಮೆ. ಎದೆಹಾಲು ಕುಡಿದ ಮಗುವಿಗೆ ಕಾಯಿಲೆಯೇ ಬರುವುದಿಲ್ಲ ಎಂದಲ್ಲ, ನನ್ನ ಮಕ್ಕಳಿಗೂ ಜ್ವರ ಬಂದಿದೆ. ಎದೆಹಾಲು ಪ್ರಪಂಚದಲ್ಲೆಲ್ಲ ಸಿಗಬೇಕಾದಷ್ಟು ಸಿಕ್ಕರೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳ ಸಾವು ತಪ್ಪಿಸಬಹುದು ಎಂದು 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅದೇ ಲೆಕ್ಕದಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ 20 ಸಾವಿರ ತಾಯಂದಿರ ಸಾವನ್ನೂ ತಪ್ಪಿಸಬಹುದು. ತಾಯಿಗೆ ಆಗುವ ಲಾಭದ ಬಗ್ಗೆ ಯಾರೂ ಮಾತಾಡುವುದೇ ಇಲ್ಲ, ಅದೇ ನನಗೆ ಬೇಸರ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ನೋಡಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇಕಡಾ 4.3ರಷ್ಟು ಇಳಿಯುತ್ತದೆ ಎಂದು ಕಂಡುಬಂತು. ಅಂಡಾಶಯದ ಕ್ಯಾನ್ಸರ್, ಸಕ್ಕರೆ ಕಾಯಿಲೆ ಬರುವ ಸಂಭವವೂ ಕಡಿಮೆ. ಹಾಲು ಮಾಡಲು ತಾಯಿಯ ಮೈ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಖರ್ಚು ಮಾಡುತ್ತದೆ. ಆಕೆಗೆ ಹೊಟ್ಟೆ ತುಂಬ ಊಟ ಬೇಕು. ಅವಳು ತಟ್ಟೆಯ ಮುಂದೆ ಕೂತಾಗ 'ಮೊದಲು ಮಗು ನೋಡು' ಎನ್ನಬೇಡಿ.

ನನ್ನ ಎರಡನೆಯವನು ಎಂಟನೇ ತಿಂಗಳಲ್ಲೇ ಹುಟ್ಟಿಬಿಟ್ಟ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸುವಷ್ಟು ಅವನು ಬಲಿತಿರಲಿಲ್ಲ. ಈ ಸಲ ನನಗೆ ದಾರಿ ಗೊತ್ತಿತ್ತು. ಹುಟ್ಟಿದ ಕೆಲವೇ ಗಂಟೆಯಲ್ಲಿ ಕೈಯಿಂದ ಹಿಂಡಲು ಕೂತೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಸ್ವಲ್ಪ ಹಿಂದಕ್ಕೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರಿಸಬೇಕು, ಬಿಡಬೇಕು. ಚರ್ಮ ಉಜ್ಜಬಾರದು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ತೊಟ್ಟಿನ ತುದಿಯಲ್ಲಿ ಒಂದು ಹಳದಿ ಹನಿ ಮೂಡಿ ನಿಂತಿತು. ಅದನ್ನು ಸಿರಿಂಜಿನ ಬಾಯಿಗೆ ಎಳೆದುಕೊಂಡೆವು. ಅರ್ಧ ಗಂಟೆಗೆ ಅರ್ಧ ಮಿಲಿಲೀಟರ್ ಆಗಿರಬಹುದು. ಅವನ ಕೆನ್ನೆಯ ಒಳಗೆ ಅದನ್ನು ಹಚ್ಚಿದಾಗ ನಾಲಿಗೆ ಆಡಿಸಿದ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರಬಹುದು, ತಾಯಿಯ ಹಾಲು ಅದರ ಅಪಾಯವನ್ನು ತಗ್ಗಿಸುತ್ತದೆ. ಅಂಥ ಮಗುವಿಗೆ ಆ ಅರ್ಧ ಮಿಲಿಲೀಟರ್ ಔಷಧಿಯೇ.

ಆಮೇಲೆ ಅವನನ್ನು ಬಟ್ಟೆಯಿಲ್ಲದೆ ನನ್ನ ಎದೆಯ ಮೇಲೆ ಕಟ್ಟಿಕೊಂಡಿರುತ್ತಿದ್ದೆ. ಈ ಪದ್ಧತಿ ಬಂದದ್ದು ಕೊಲಂಬಿಯಾದ ಬೊಗೊಟಾ ನಗರದಿಂದ. 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಕಡಿಮೆ ತೂಕದ ಮಕ್ಕಳನ್ನು ಬೆಚ್ಚಗಿಡಲು ಪೆಟ್ಟಿಗೆಗಳು ಸಾಲದೆ ಹೋದಾಗ, ತಾಯಿಯ ಮೈಗೇ ಮಕ್ಕಳನ್ನು ಕಟ್ಟಿದರು. ಕಾಂಗರೂ ಆರೈಕೆ ಎಂದು ಈಗ ಎಲ್ಲೆಡೆ ಕರೆಯುತ್ತಾರೆ. ಅಪ್ಪಂದಿರೂ ಮಾಡಬಹುದು, ನಮ್ಮ ಮನೆಯವರೂ ಮಾಡಿದರು. ಮೂರು ವಾರ ಹಿಂಡಿ ಕೊಟ್ಟ ಮೇಲೆ ಒಂದು ಮಧ್ಯಾಹ್ನ ಅವನು ತಾನೇ ತಲೆ ಆಡಿಸುತ್ತಾ ತೊಟ್ಟು ಹುಡುಕಿಕೊಂಡು ಬಾಯಿ ಹಾಕಿದ.

ಕೆಲಸಕ್ಕೆ ಮರಳಿ ಹೋಗುವವರು ಹಿಂಡಿದ ಹಾಲನ್ನು ಶುಭ್ರವಾದ ಮುಚ್ಚಳದ ಪಾತ್ರೆಯಲ್ಲಿ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು. ಸೆಕೆ ಜಾಸ್ತಿ ಇದ್ದರೆ ಹೊರಗೆ ಇಡುವ ಹೊತ್ತು ಕಡಿಮೆ ಮಾಡಿ. ಒಲೆಯ ಮೇಲೆ ಕುದಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ. ಹಿಂಡಿದಾಗ ಬಂದಷ್ಟೇ ನಿಮ್ಮಲ್ಲಿರುವ ಹಾಲು ಎಂದುಕೊಳ್ಳಬೇಡಿ. ಪಂಪಿಗಿಂತ ಮಗು ಚೆನ್ನಾಗಿ ಎಳೆಯುತ್ತದೆ.

ಮಾರಾಟದ ವಿಷಯ ಹೇಳದೆ ಮುಗಿಸಲಾರೆ. ಡಬ್ಬಿ ಹಾಲು ಬೇಕಾದವರಿಗೆ ಇರಲೇಬೇಕು ಎಂದು ಆಗಲೇ ಹೇಳಿದೆ. ನನ್ನ ಸಿಟ್ಟು ಅದನ್ನು ಬೇಡದವರ ತಲೆಗೆ ತುಂಬುವ ಬಗೆಯ ಮೇಲೆ. 1939ರಲ್ಲೇ ಸಿಂಗಾಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಸಿಹಿ ಬೆರೆಸಿದ ಡಬ್ಬಿ ಹಾಲನ್ನು ಶಿಶುಗಳಿಗೆ ಒಳ್ಳೆಯದೆಂದು ಪ್ರಚಾರ ಮಾಡುವುದರಿಂದ ಆಗುವ ಸಾವುಗಳನ್ನು ಕೊಲೆ ಎಂದೇ ಕರೆಯಬೇಕು ಎಂದು ತುಂಬಿದ ಸಭೆಯಲ್ಲಿ ಹೇಳಿದ್ದರು. ಅಲ್ಲಿಂದ ನಲವತ್ತೆರಡು ವರ್ಷ ಬೇಕಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯಲ್ಲಿ 118 ದೇಶಗಳು ಪರವಾಗಿ ಮತ ಹಾಕಿ, ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಒಂದು ಸಂಹಿತೆ ತಂದವು. ವಿರೋಧಿಸಿದ್ದು ಅಮೆರಿಕ ಒಂದೇ. ಜನರಿಗೆ ಜಾಹೀರಾತು ತೋರಿಸಬಾರದು, ತಾಯಂದಿರಿಗೆ ಪುಕ್ಕಟೆ ಡಬ್ಬಿ ಹಂಚಬಾರದು, ಆಸ್ಪತ್ರೆಯಲ್ಲಿ ಪ್ರಚಾರ ಮಾಡಬಾರದು ಎನ್ನುತ್ತದೆ ಅದು. ಪುಕ್ಕಟೆ ಡಬ್ಬಿ ಯಾಕೆ ಅಪಾಯ ಎಂದು ಈಗ ನಿಮಗೆ ಗೊತ್ತು. ಡಬ್ಬಿ ಮುಗಿಯುವ ಹೊತ್ತಿಗೆ ಬಾವಿಯ ಊಟೆ ಕಟ್ಟಿಕೊಂಡಿರುತ್ತದೆ, ಮುಂದಿನದನ್ನು ದುಡ್ಡು ಕೊಟ್ಟೇ ತರಬೇಕು.

ನನ್ನ ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಬಹಳಷ್ಟು ತಾಯಂದಿರವೇ. ಎದೆ ಕೆಂಪಾಗಿ ಜ್ವರ ಬಂದರೆ ಕುಡಿಸುವುದು ನಿಲ್ಲಿಸಬೇಕೇ ಎಂದು ಒಬ್ಬರು ಕೇಳಿದರು. ನಿಲ್ಲಿಸಬೇಡಿ, ಮಗುವಿಗೆ ಆ ಹಾಲಿನಿಂದ ತೊಂದರೆಯಿಲ್ಲ, ವೈದ್ಯರಿಗೆ ಮಾತ್ರ ಬೇಗ ತೋರಿಸಿ ಎಂದೆ. ಮಾತ್ರೆ ನುಂಗುತ್ತಿದ್ದರೆ ಹಾಲು ಕೊಡಬಹುದೇ ಎಂದು ಇನ್ನೊಬ್ಬರು. ಬಹುಪಾಲು ಔಷಧಿಗಳಿಗೆ ಅಡ್ಡಿಯಿಲ್ಲ, ಆದರೆ ಹಾಲೂಡಿಸುತ್ತಿದ್ದೇನೆ ಎಂದು ವೈದ್ಯರಿಗೆ ಹೇಳಿ ಬರೆಸಿಕೊಳ್ಳಿ ಎಂದೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಯುವಕರು ಎದ್ದು ನಿಂತರು. ಪಕ್ಕದಲ್ಲಿ ಅವರ ಹೆಂಡತಿ, ಒಂಬತ್ತು ತಿಂಗಳು ತುಂಬಿತ್ತು. 'ಮೇಡಂ, ಹಾಲು ಕೊಡೋದು ಅವಳು. ನಾನು ಏನು ಮಾಡಲಿ?' ಎಂದು ಕೇಳಿದರು. ಮಗು ಎದ್ದಾಗ ನೀವು ಎತ್ತಿ ಅವರ ಕೈಗೆ ಕೊಡಿ ಎಂದೆ. ಬೆನ್ನ ಹಿಂದೆ ದಿಂಬು ಇಡಿ. ಕುಡಿಸುವಾಗ ಬಾಯಾರುತ್ತದೆ, ಒಂದು ಲೋಟ ನೀರು ಕೈಗೆ ಎಟುಕುವಲ್ಲಿ ಇಡಿ. ಕುಡಿದಾದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸಿ, ಬಟ್ಟೆ ಬದಲಿಸಿ, ಅವರು ಮಲಗಲಿ. ಮೂರನೇ ರಾತ್ರಿ ಯಾರಾದರೂ 'ಹಾಲು ಸಾಲ್ತಿಲ್ಲ' ಎಂದರೆ ಬಾಟಲಿ ತರಲು ಹೊರಗೆ ಓಡಬೇಡಿ. ಹಾಲು ಹಿಡಿಸಲು ಬಲ್ಲವರನ್ನು ಮಂಚದ ಪಕ್ಕಕ್ಕೆ ಕರೆತನ್ನಿ. ಮನೆಗೆ ಹೋದ ಮೇಲೆ ಒದ್ದೆ ಬಟ್ಟೆ ಎಣಿಸುವ ಕೆಲಸ ನಿಮ್ಮದು.

'ಎಷ್ಟು ಅಂದ್ರಿ?' ಎಂದರು.

'ಐದನೇ ದಿನದಿಂದ, ಕಡಿಮೆ ಅಂದರೆ ಆರು.'

ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.